ಹಿಂದಿನ ಎಡಗಡೆ ಸೀಟು

"ಇಳಿಯಮ್ಮ, ಇಳಿ ಅಂದೆ! ನೀನು ಇಳಿಯೋ ತನಕ ಈ ಗಾಡಿ ಉಸಿರು ಬಿಡಲ್ಲ."

"ಇಳಿತೀನಿ ಕಣೋ. ಬೀದಿಗೆಲ್ಲ ಕೇಳೋ ಹಾಗೆ ಯಾಕೆ ಕಿರುಚ್ತೀಯ?"

"ಕೇಳಲಿ! ಎಲ್ಲರಿಗೂ ಗೊತ್ತಾಗಲಿ! ಇನ್ನೂ ಗೇಟು ದಾಟಿಲ್ಲ, ಆಗಲೇ ಸತ್ತು ಕೂತಿದೆ."

ಹಳೆಯ ಬೂದು ಬಣ್ಣದ ಕಾರು ಗೇಟಿನ ಬಾಯಲ್ಲಿ ಅರ್ಧ ಒಳಗೆ, ಅರ್ಧ ರಸ್ತೆಗೆ ನಿಂತಿತ್ತು. ಇಂಜಿನ್ನು ಚಾಲೂ ಮಾಡಿದ ಮೇಲೆ ಎಲ್ಲರೂ ಹತ್ತಿ, ಬೆಳಗಿನ ಮಂಜು ಕರಗಿರಲಿಲ್ಲವೆಂದು ದೀಪ ಹಾಕಿಕೊಂಡೇ ಹೊರಟಿದ್ದರು. ಗೇಟಿನ ಹತ್ತಿರ ನಿಧಾನ ಮಾಡಿದ್ದೇ ತಡ, ದೀಪ ಮಂಕಾಗಿ ಇಂಜಿನ್ನು ನಿಂತುಬಿಟ್ಟಿತು. ಕೀಲಿ ತಿರುವಿದರೆ ಒಂದು ಸದ್ದೂ ಇಲ್ಲ. ಹಾರ್ನು ಒತ್ತಿದರೆ ಅದೂ ಮೂಗ.

ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗಿಗೆ ಗುದ್ದುತ್ತಿದ್ದವನನ್ನು ಬೀದಿಯವರೆಲ್ಲ ಕಿಡಿ ಎಂದೇ ಕರೆಯುತ್ತಿದ್ದರು. ಕಾರಿನ ವೈರಿಂಗ್ ಕೆಲಸ ಮಾಡುತ್ತಾನೆಂದು ಆ ಹೆಸರು ಬಂತೋ, ಮಾತಿಗೆ ಮುಂಚೆ ಸಿಡಿಯುತ್ತಾನೆಂದು ಬಂತೋ, ಹೆಸರಿಟ್ಟವರಿಗೇ ಮರೆತುಹೋಗಿತ್ತು. ಪಕ್ಕದಲ್ಲಿ ಅವನ ಹೆಂಡತಿ. ಹಿಂದೆ ಎಡಗಡೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ತಾಯಿ. ಅವಳ ಮಗಳು, ಕಿಡಿಯ ತಂಗಿ, ಹೆತ್ತಿದ್ದಳು, ಮೊಮ್ಮಗುವನ್ನು ನೋಡಲು ಹೊರಟಿದ್ದರು.

ತಾಯಿ ಇಳಿದಳು. ಕಿಡಿ ಕೀಲಿ ತಿರುವಿದ. ಏನೂ ಆಗೇ ಇಲ್ಲವೇನೋ ಎಂಬಂತೆ ಇಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು.

"ನೋಡಿದ್ಯಾ?" ಎಂದು ಅವನು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ. "ಈಗ ಹೇಳು, ನಾನು ಸುಳ್ಳು ಹೇಳ್ತೀನಾ?"

"ನಾನು ಕೂತಾಗ ಕೆಳಗೆ ಟಕ್ ಅನ್ನುತ್ತೆ ಅಂತ ಎಷ್ಟು ಸಲ ಹೇಳಿದೆ ನಿನಗೆ."

"ಟಕ್ ಅನ್ನುತ್ತಂತೆ! ಹಳೇ ಸ್ಪ್ರಿಂಗು, ಟಕ್ ಅನ್ನದೆ ಸಂಗೀತ ಹಾಡುತ್ತಾ? ಅವತ್ತೂ ಹೀಗೇ ಕೂತಿದ್ದೆ ನೀನು. ಇಳಿ ಇಳಿ ಅಂತ ಬಾಯಿ ಬಡ್ಕೊಂಡೆ, ಕಲ್ಲಿನ ಹಾಗೆ ಕೂತೆ. ಅವತ್ತು ನೀನು ಇಳಿದಿದ್ರೆ ಅಪ್ಪ ಇವತ್ತು ಇರ್ತಿದ್ದ!"

ಎಂದೋ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಈಗ ಬಾಯಿಂದ ಬಿದ್ದುಬಿಟ್ಟಿತು.

"ರೀ," ಎಂದಳು ಹೆಂಡತಿ.

ತಾಯಿ ಚೀಲವನ್ನು ಎದೆಗವಚಿಕೊಂಡು ಒಳಗೆ ನಡೆದಳು. ಅಂಗಳದಲ್ಲಿದ್ದ ಕಿಡಿಯ ಕೆಲಸದ ಶೆಡ್ಡಿನಲ್ಲಿ ಗಿರಾಕಿಗಳಿಗೆಂದು ಹಾಕಿದ್ದ ಬೆಂಚಿನ ತುದಿಗೆ, ತಾನೂ ಒಬ್ಬ ಗಿರಾಕಿಯೆಂಬಂತೆ ಕೂತುಕೊಂಡಳು.

ಅವತ್ತು ಎಂದರೆ ಹೋದ ವರ್ಷದ ಆ ಮುಸ್ಸಂಜೆ. ಅಪ್ಪನಿಗೆ ಎದೆನೋವು ಬಂದು, ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆ ಇಡಿಸಿ ಕರೆದೊಯ್ಯುತ್ತಿದ್ದಾಗ ಆಸ್ಪತ್ರೆಯ ತಿರುವಿಗೂ ಮುಂಚೆಯೇ ಕಾರು ಸತ್ತಿತು. ಕಿಡಿ ಬಾನೆಟ್ ಎತ್ತಿ ಸಿಕ್ಕ ಸಿಕ್ಕ ವೈರನ್ನೆಲ್ಲ ಎಳೆದಾಡಿದ. ಸೀಟಿನ ಕೆಳಗಿರುವ ಬ್ಯಾಟರಿ ನೋಡಬೇಕು, ಇಳಿ ಎಂದು ಅಮ್ಮನಿಗೆ ಕೂಗಿದ, ಅವಳು ಇಳಿಯಲಿಲ್ಲ. ಏನೂ ಪ್ರಯೋಜನವಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯೊಂದನ್ನು ಅಡ್ಡಹಾಕಿ ಅಪ್ಪನನ್ನು ಸಾಗಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಸ್ವಲ್ಪ ಮುಂಚೆ ತಂದಿದ್ದರೆ, ಎಂದರು ಡಾಕ್ಟರು. ಆಮೇಲೆ ಕಾರು ತರಲು ಹೋದವನಿಗೆ ಅದು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆ ಸದ್ದು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅಂದಿನಿಂದ ಆ ಕಾರಿಗೆ ಅವನು ಮಾಡದ ವೈದ್ಯವಿಲ್ಲ. ಬ್ಯಾಟರಿ ಬದಲಾಯಿಸಿದ, ಫ್ಯೂಸ್ ಪೆಟ್ಟಿಗೆ ಬದಲಾಯಿಸಿದ, ಕೀಲಿಯ ಸ್ವಿಚ್ಚನ್ನೂ ಬದಲಾಯಿಸಿದ. ಆ ಮಾದರಿಯಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಹಾಗಾಗಿ ಕೆಲಸಕ್ಕೆ ಕೂತಾಗಲೆಲ್ಲ ಮೊದಲು ಸೀಟು ಕಿತ್ತು ಗೋಡೆಗೆ ಒರಗಿಸುತ್ತಿದ್ದ. ಆಮೇಲೆ ಎಷ್ಟು ಪರೀಕ್ಷೆ ಮಾಡಿದರೂ ತಪ್ಪೇ ಕಾಣುತ್ತಿರಲಿಲ್ಲ. ಸೀಟಿಲ್ಲದೆಯೇ ಊರೆಲ್ಲ ಸುತ್ತಿ ಬರುತ್ತಿದ್ದ. ಒಂದು ಸಲವೂ ನಿಲ್ಲುತ್ತಿರಲಿಲ್ಲ. ಸೀಟು ಹಾಕಿ ಅಮ್ಮನನ್ನು ಕೂರಿಸಿದ ದಿನ ನಿಲ್ಲುತ್ತಿತ್ತು. ಊರಿನವರ ಕಾರಿನ ರೋಗವನ್ನೆಲ್ಲ ಮೂಸಿ ಹೇಳುವವನಿಗೆ ಮನೆಯ ಕಾರಿನದು ಹತ್ತಲಿಲ್ಲ. ತನ್ನ ಕೈ ತಪ್ಪಿದೆ ಎಂದು ಒಪ್ಪುವುದಕ್ಕಿಂತ ಅಮ್ಮನ ಕಾಲ್ಗುಣ ಸರಿಯಿಲ್ಲ ಅನ್ನುವುದು ಅವನಿಗೆ ಸುಲಭವಾಯಿತು.

ಈಗಲೂ ಅವನು ಕಾರನ್ನು ಹಿಂದಕ್ಕೆ ತಂದು ಶೆಡ್ಡಿನಲ್ಲಿ ನಿಲ್ಲಿಸಿ, ಸೀಟು ಕೀಳಲು ಹಿಂಬಾಗಿಲಿಗೆ ಕೈ ಹಾಕಿದ.

"ಮುಟ್ಟಬೇಡಿ ಅದನ್ನ," ಎಂದಳು ಹೆಂಡತಿ.

"ನೀನು ಯಾವಾಗ ಮೆಕ್ಯಾನಿಕ್ ಆದೆ?"

"ಆಗಿಲ್ಲ. ಅತ್ತೆ ಕೂತ ಜಾಗದಲ್ಲಿ ನಾನು ಕೂತ್ಕೋತೀನಿ. ನನ್ನ ಕಾಲ್ಗುಣ ಹೇಗಿದೆ ಅಂತ ಅದನ್ನೂ ನೋಡಿಬಿಡೋಣ."

ಅವನು ಹಲ್ಲು ಕಡಿದುಕೊಂಡು ಇಂಜಿನ್ ಚಾಲೂ ಮಾಡಿ ದೀಪ ಹಾಕಿದ. ಅವಳು ಹಿಂದಿನ ಎಡಗಡೆ ಸೀಟಿನಲ್ಲಿ ಕೂತಳು. ಟಕ್. ಗೋಡೆಯ ಮೇಲಿದ್ದ ದೀಪದ ಬೆಳಕು ಮಂಕಾಯಿತು, ನಡುಗಿತು, ಆರಿತು. ಇಂಜಿನ್ನು ನಿಂತಿತು.

"ಟಕ್ ಅಂತು ರೀ," ಎಂದಳು ಅವಳು. ಗೆದ್ದ ದನಿಯಲ್ಲಿ ಹೇಳಬೇಕೆಂದುಕೊಂಡಿದ್ದಳು. ದನಿ ಸಣ್ಣದಾಗಿ ಬಂತು.

ಕಿಡಿಯ ಮುಖವೇ ಬದಲಾಯಿತು. ಕೋಪ ಎತ್ತ ಹೋಯಿತೋ ಏನೋ. "ಅಲ್ಲಾಡಬೇಡ," ಎಂದ. "ಹಾಗೇ ಇರು." ಪರೀಕ್ಷೆ ಮಾಡುವ ಚಿಕ್ಕ ಬಲ್ಬನ್ನೂ ಟಾರ್ಚನ್ನೂ ತಂದು, ಹೆಂಡತಿಯ ಕಾಲಿನ ಬಳಿ ಕಾರಿನ ನೆಲಕ್ಕೆ ಕೆನ್ನೆಯೊತ್ತಿ ಸೀಟಿನ ಅಡಿಗೆ ಕೈ ತೂರಿಸಿದ. ಬಲ್ಬಿನ ಎರಡು ವೈರನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದ. ಝಗ್ಗನೆ ಉರಿಯಿತು. ಒಂದನ್ನು ತೆಗೆದು ಕಾರಿನ ಬರಿ ತಗಡಿಗೆ ಮುಟ್ಟಿಸಿದ. ಉರಿಯಲಿಲ್ಲ.

"ಸ್ವಲ್ಪ ಎದ್ದೇಳು."

ಅವಳು ಎದ್ದಳು. ಬಲ್ಬು ಉರಿಯಿತು.

"ಕೂತ್ಕೋ."

ಆರಿತು.

ಬ್ಯಾಟರಿಗೆ ಕರೆಂಟು ವಾಪಸು ಬರುವುದು ಕಾರಿನ ತಗಡಿನ ಮೂಲಕ. ತಗಡಿಗೂ ಬ್ಯಾಟರಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ, ಅದಕ್ಕೆ ಅರ್ತ್ ಪಟ್ಟಿ ಎನ್ನುತ್ತಾರೆ. ಟಾರ್ಚಿನ ಬೆಳಕಿನಲ್ಲಿ ಆ ಪಟ್ಟಿ ಕಂಡಿತು. ಬೇಕಾದ್ದಕ್ಕಿಂತ ಉದ್ದ. ಹೆಚ್ಚಾದದ್ದನ್ನು ಮಡಚಿ ಒಳಗೆ ತುರುಕಿತ್ತು. ಆ ಮಡಿಕೆಯ ಮೇಲೆ ಸೀಟಿನ ಎಡಗಾಲು ಕೂತಿತ್ತು. ಯಾರಾದರೂ ಕೂತು ಭಾರ ಬಿದ್ದರೆ ಪಟ್ಟಿ ಎಳೆದುಕೊಂಡು, ನೆಲದ ಬೋಲ್ಟಿನ ಹತ್ತಿರ ಅದರ ತುದಿ ಟಕ್ಕೆಂದು ಕೂದಲೆಳೆಯಷ್ಟು ಎತ್ತಿಕೊಳ್ಳುತ್ತಿತ್ತು. ಭಾರ ತೆಗೆದರೆ ಮತ್ತೆ ಕೂರುತ್ತಿತ್ತು. ಗಾಡಿ ವೇಗವಾಗಿ ಓಡುವಾಗ ಇಂಜಿನ್ನಿನ ಡೈನಮೋ ಹೇಗೋ ಸಾಗಿಸುತ್ತಿತ್ತು, ನಿಧಾನವಾದರೆ ಎಲ್ಲ ನಿಲ್ಲುತ್ತಿತ್ತು.

"ಸಿಕ್ತು! ಸಿಕ್ತು ಕಣೇ, ನನ್ನ ಮಗಂದು!" ಎಂದು ಅವನು ಎದ್ದ. ಹೆಂಡತಿಯನ್ನು ಇಳಿಸಿ, ಸೀಟು ಕಿತ್ತು ಬಿಸಾಡಿ, ಬೋಲ್ಟು ಬಿಚ್ಚಿದ. ಅಡಿಯಲ್ಲಿ ಕಾರಿನ ಬೂದು ಬಣ್ಣ ಹಾಗೇ ಹೊಳೆಯುತ್ತಿತ್ತು. ಬಣ್ಣ ಕೆರೆದು ತಗಡು ಬೆಳ್ಳಗೆ ಕಂಡ ಮೇಲೆ ಬಿಗಿಯಬೇಕಾದ ಪಟ್ಟಿಯನ್ನು ಯಾರೋ ಬಣ್ಣದ ಮೇಲೆಯೇ ಬಿಗಿದಿದ್ದರು. ಬೋಲ್ಟಿನ ಸುತ್ತ ಮಾತ್ರ ಸುಟ್ಟ ಕಪ್ಪು ಉಂಗುರ.

ಪಟ್ಟಿಯನ್ನು ಹಾವು ಹಿಡಿದವನಂತೆ ಎತ್ತಿ ಹಿಡಿದುಕೊಂಡು ಅವನು ಬೆಂಚಿನ ಬಳಿಗೆ ಓಡಿದ.

"ಅಮ್ಮಾ, ನೋಡಿಲ್ಲಿ! ನೀನು ಹೇಳ್ತಿದ್ದ ಟಕ್ ಇದೇ! ಕಾಲ್ಗುಣಾನೂ ಇಲ್ಲ, ಮಣ್ಣೂ ಇಲ್ಲ. ಈ ದರಿದ್ರ ಪಟ್ಟಿ. ಯಾವ ಕತ್ತೆ ಹಾಕಿದ್ದೋ..."

ಪಟ್ಟಿಯ ಒಂದು ತುದಿಗೆ ಕೆಂಪು ಟೇಪು ಸುತ್ತಿತ್ತು. ಆ ಟೇಪು ಸುತ್ತಿದ ಕೈ ಅವನದೇ.

ಆ ಶೆಡ್ಡಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಹೊಸ ಸಾಮಾನು ಗಿರಾಕಿಯ ಗಾಡಿಗೆ, ಉಳಿದದ್ದು ಬಳಿದದ್ದು ಮನೆಯ ಗಾಡಿಗೆ. ಅಪ್ಪನ ಎದೆನೋವಿಗೆ ಕೆಲವು ವಾರ ಮುಂಚೆ ಮನೆಯ ಕಾರಿನ ಪಟ್ಟಿ ಹರಿದಿತ್ತು. ಗುಜರಿಗೆ ಹೋಗುತ್ತಿದ್ದ ವ್ಯಾನೊಂದರ ಪಟ್ಟಿ ಕಿತ್ತು, ಉದ್ದವಾದರೂ ಪರವಾಗಿಲ್ಲ ಎಂದು ಕಿಡಿಯೇ ಹಾಕಿದ್ದ. ಹೊರಗೆ ಗಿರಾಕಿ ಕಾಯುತ್ತಿದ್ದ. "ಕೆರೆದು ಹಾಕೋ," ಎಂದು ಅಪ್ಪ ಈ ಬೆಂಚಿನಿಂದಲೇ ಕೂಗಿದ್ದ. "ಕೆರೆದೇ ಹಾಕಿದೀನಿ," ಎಂದು ಅವನು ಒಳಗಿಂದ ಕೂಗಿದ್ದ. ಆಮೇಲೆ ಬ್ಯಾಟರಿ ಬದಲಾಯಿಸುವಾಗಲೂ ಪಟ್ಟಿಯ ಬ್ಯಾಟರಿ ಕಡೆಯ ತುದಿಯನ್ನಷ್ಟೇ ಮುಟ್ಟಿದ. ನೆಲದ ಕಡೆಯದು ತಾನೇ ಬಿಗಿದದ್ದು. ಅದನ್ನು ಅನುಮಾನಿಸುವುದು ಹೇಗೆ?

"ಯಾರು ಹಾಕಿದ್ದು?" ತಾಯಿ ಕೇಳಿದಳು.

"ನಾನೇ."

"ಅವತ್ತೂ ಇದೇನಾ?"

"ಇದೇ."

ತಾಯಿ ಪಟ್ಟಿಯನ್ನು ಮುಟ್ಟಲಿಲ್ಲ.

"ಹಾಗಾದ್ರೆ ಅವತ್ತು ನಾನು ಇಳಿದಿದ್ರೆ ಗಾಡಿ ಹೊರಡ್ತಿತ್ತು."

ಕಿಡಿ ಬೇರೆ ವಿಷಯಕ್ಕೆ ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲವನು. ಬೆಳಿಗ್ಗೆ ಕೊಡುತ್ತೇನೆಂದ ಗಾಡಿಯನ್ನು ವಾರ ಕಳೆದು ಕೊಟ್ಟವನು. ಈಗ ಒಂದು ಸುಳ್ಳು ಬೇಕಿತ್ತು. ಹೆಂಡತಿ ಹಿಂದಿನಿಂದ ಅವನ ಅಂಗಿಯನ್ನೂ ಜಗ್ಗಿದಳು. ಅವನ ಕಣ್ಣೆದುರು ಆರಿ ಹತ್ತಿ ಆಡುತ್ತಿದ್ದ ಬಲ್ಬೇ ನಿಂತಿತ್ತು.

"ಹೂಂ," ಎಂದುಬಿಟ್ಟ.

"ಅವರೇ ಹೇಳಿದ್ದು ಕಣೋ, ನಿಮ್ಮಪ್ಪ, ಇಳೀಬೇಡ ಅಂತ," ಎಂದಳು ತಾಯಿ. "ನೀನು ಬಾನೆಟ್ ಹತ್ರ ಕೂಗಾಡ್ತಿದ್ದೆ, ನಿನಗೆ ಕೇಳಿಸಿರಲ್ಲ. ತಲೆ ಕೆಳಗಿಟ್ರೆ ಉಸಿರು ಕಟ್ಟುತ್ತೆ, ಹೀಗೇ ಹಿಡ್ಕೋ, ಅವನು ಸರಿಮಾಡ್ತಾನೆ, ನನ್ನ ಮಗನಿಗೆ ಬರದ ಕೆಲಸ ಇಲ್ಲ ಅಂದ್ರು. ಹಿಡ್ಕೊಂಡೆ."

"ಯಾಕಮ್ಮ ಇಷ್ಟು ದಿನ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ಬೈದೆ ಅಷ್ಟೆ."

ಅವನು ಹೋಗಿ ಕಾರಿನೊಳಗೆ ಮಂಡಿಯೂರಿ ಬಣ್ಣ ಕೆರೆಯತೊಡಗಿದ. ತಗಡು ಕನ್ನಡಿಯಾಗುವ ಹಾಗೆ ಕೆರೆದ. ಗಿರಾಕಿಗೆಂದು ಇಟ್ಟಿದ್ದ ಹೊಸ ಪಟ್ಟಿ ತಂದು, ಅಳತೆಗೆ ಸರಿಯಾದದ್ದನ್ನೇ ಆರಿಸಿ ಬಿಗಿದ. ಸೀಟು ಕೂರಿಸಿ, ಇಂಜಿನ್ನು ಚಾಲೂ ಮಾಡಿ ದೀಪ ಹಾಕಿ, ಸೀಟಿನ ಮೇಲೆ ತಾನೇ ಹತ್ತಿ ಕೂತು, ಮೇಲೂ ಕೆಳಗೂ ಕುಪ್ಪಳಿಸಿ ನೋಡಿದ. ಇಂಜಿನ್ನು ಉಸಿರು ತಪ್ಪಲಿಲ್ಲ, ದೀಪ ಅಲುಗಲಿಲ್ಲ.

"ಬಾಮ್ಮ," ಎಂದ, ಹಿಂಬಾಗಿಲು ತೆರೆದು ಹಿಡಿದು. "ಸರಿಯಾಯ್ತು. ಇನ್ನು ನಿಲ್ಲಲ್ಲ. ಕೂತ್ಕೋ ಬಾ. ಬೇಕಾದ್ರೆ ಮುಂದೆ ಕೂತ್ಕೋ."

ತಾಯಿ ಬೆಂಚಿನಿಂದ ಎದ್ದಳು. ಕಾರಿನ ತನಕ ಬಂದಳು. ಎಡಗಡೆ ಸೀಟನ್ನು ಅಂಗೈಯಲ್ಲಿ ಒಮ್ಮೆ ಒತ್ತಿ ನೋಡಿದಳು. ಟಕ್ ಎನ್ನಲಿಲ್ಲ.

"ಚೆನ್ನಾಗಿ ಮಾಡಿದ್ದೀಯ," ಎಂದಳು. ಸೊಸೆಯ ಕಡೆ ತಿರುಗಿ, "ನಾನು ಬಸ್ಸಿಗೆ ಹೋಗ್ತೀನಿ ಕಣಮ್ಮ. ಒಲೆ ಮೇಲೆ ಹಾಲಿದೆ, ಮರೀಬೇಡ," ಎಂದಳು.

"ಅತ್ತೆ, ನಾನೂ ಬರ್ತೀನಿ."

"ಬೇಡ."

ಕಿಡಿ ಅವಳ ಚೀಲಕ್ಕೆ ಕೈ ಚಾಚಿದ. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಡೆದಳು. ಗೇಟು ದಾಟಿ, ಹಿಂದಕ್ಕೆ ಎಳೆದು, ಎಂದಿನಂತೆ ಅಗಳಿ ಸರಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿ, ರಸ್ತೆಗೆ ತಿರುಗಿದಳು.

"ಸಂಜೆ ಬರ್ತೀಯಲ್ಲ?" ಎಂದು ಕೂಗಿದ. ಕೂಗುವುದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಬೀದಿಯ ಕೊನೆಯ ಮನೆಯವರೂ ಹೊರಬಂದು ನೋಡಿದರು.

ಅವಳು ತಿರುಗಿ ನೋಡಲಿಲ್ಲ. ಅವನ ಬೆನ್ನ ಹಿಂದೆ ಕಾರಿನ ಇಂಜಿನ್ನು ಒಂದೇ ಸಮನೆ ಗುರುಗುಟ್ಟುತ್ತಿತ್ತು, ಹಿಂಬಾಗಿಲು ತೆರೆದೇ ಇತ್ತು. ಸಂಜೆಯ ಬಸ್ಸುಗಳು ಬಂದು ಹೋದವು. ತಂಗಿ ಫೋನು ಮಾಡಿ, ಅಮ್ಮ ಇನ್ನು ಇಲ್ಲೇ ಇರ್ತಾಳಂತೆ, ಬಟ್ಟೆ ಕಳಿಸಬೇಕಂತೆ ಎಂದಳು. ಆ ಗೇಟಿನೊಳಗೆ ತಾಯಿ ಮತ್ತೆ ಕಾಲಿಡಲಿಲ್ಲ.