ಅಜ್ಜನ ನೇಗಿಲು ಯಾವುದು?

ನಮ್ಮ ಯಜಮಾನರು ಪರಮಶಿವಯ್ಯನವರು ಹಳ್ಳಿಮೈಸೂರಿನಲ್ಲಿ ಮೇಷ್ಟ್ರು. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ ಬಂದವರು. ಸಾರಿಗೆ ಉಪ್ಪು ಸಾಲದು ಎನ್ನಬೇಕಾದರೂ ‘ಉಪ್ಪು ಎಂದರೇನು’ ಎಂದೇ ಶುರುಮಾಡುತ್ತಾರೆ. ನಗಿಸಿ ಕಲಿಸಬೇಕೆಂಬುದು ಅವರ ಹಟ. ನಗುವುದು ಹೆಚ್ಚಾಗಿ ಅವರೊಬ್ಬರೇ.

ಯುದ್ಧ ಶುರುವಾದ ವರ್ಷದ ಯುಗಾದಿಯಂದು ಪಕ್ಕದ ಮನೆಯ ನಂಜಮ್ಮನ ಮಕ್ಕಳು ಹೊಲದಲ್ಲೇ ಜಗಳಕ್ಕೆ ನಿಂತರು. ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಊರಿಗೆಲ್ಲ ಮೊದಲು ಅವರ ಮನೆಯದು; ಅದೂ ಅಜ್ಜನ ನೇಗಿಲಿನಿಂದಲೇ. ಸಂಕ್ರಾಂತಿಗೆ ಅಣ್ಣತಮ್ಮಂದಿರು ಪಾಲಾಗಿದ್ದರು. ಈಗ ಕೆಂಪಣ್ಣ ಒಂದು ನೇಗಿಲು ತಂದಿದ್ದ, ತಮ್ಮ ಪುಟ್ಟರಾಜು ಇನ್ನೊಂದು. ಇಬ್ಬರದೂ ಅಜ್ಜನದಂತೆ! ಒಬ್ಬನ ಮನೆಯಲ್ಲಿ ಉಂಡರೆ ಇನ್ನೊಬ್ಬ ಮುನಿಯುತ್ತಾನೆಂದು ನಂಜಮ್ಮ ಹಬ್ಬದ ದಿನವೂ ಉಪವಾಸವಿದ್ದರು.

ನ್ಯಾಯ ಹೇಳಲು ಕರೆದಾಗ ನಮ್ಮವರ ಮುಖ ಅರಳಿತು. ನೇಗಿಲಿನ ಮೊನೆ, ಹಿಡಿ, ನೊಗಕ್ಕೆ ಕಟ್ಟುವ ಉದ್ದನೆಯ ಮರ ಒಂದೊಂದನ್ನೇ ಮುಟ್ಟುತ್ತ ಕೇಳತೊಡಗಿದರು.

“ಕೆಂಪಣ್ಣ, ಗುಳ ಅಜ್ಜನದೇನೋ?”

“ಅದು ಸವೆದೋಯ್ತು ಸಾ. ಇದು ಒಸದು.”

“ಮೇಳಿ?”

“ಉಳ ತಿಂದಿತ್ತು, ಬದಲಾಯಿಸ್ದೆ.”

“ಈಸು?”

“ಓದ್ವರ್ಸ ಮುರೀತು.”

“ಹಾಗಾದ್ರೆ ಅಜ್ಜನದು ಉಳಿದದ್ದೇನು?”

“ಎಸ್ರು ಸಾ.”

“ಸರಿ, ಹೆಸರಲ್ಲೇ ಉಳು!”

ಜನ ನಕ್ಕರು. ಪುಟ್ಟರಾಜು ಮೀಸೆ ತಿರುವಿದ. ಅಣ್ಣ ಬಿಸಾಕಿದ ಹಳೆಯ ತುಂಡುಗಳನ್ನೆಲ್ಲ ಅಟ್ಟದಿಂದ ಇಳಿಸಿ, ಹಗ್ಗ ಬಿಗಿದು ತಂದಿದ್ದ. ಎತ್ತು ಕಟ್ಟಿ ಹೊಡೆದ. ನಾಲ್ಕು ಹೆಜ್ಜೆಗೇ ಎಲ್ಲ ಕಳಚಿ ಬಿತ್ತು.

“ನೋಡಿ, ಒಬ್ಬನ ಹತ್ರ ನೇಗಿಲಿದೆ, ಅಜ್ಜ ಇಲ್ಲ. ಇನ್ನೊಬ್ಬನ ಹತ್ರ ಅಜ್ಜ ಇದ್ದಾನೆ, ನೇಗಿಲಿಲ್ಲ. ವಸ್ತು ಅಂದ್ರೆ ಅದರ ತುಂಡುಗಳೋ, ಅವುಗಳ ಹೊಂದಿಕೆಯೋ?” ಎಂದರು ಯಜಮಾನರು.

ಊರೇ ನಕ್ಕಿತು. ಅಣ್ಣತಮ್ಮಂದಿರು ನಗಲಿಲ್ಲ. “ಅಂಗಾದ್ರೆ ಈ ವರ್ಸ ಒನ್ನಾರೇ ಬ್ಯಾಡ” ಎಂದು ಕೆಂಪಣ್ಣ ಮನೆಯ ಕಡೆ ತಿರುಗಿದ. ಪುಟ್ಟರಾಜು ಎತ್ತು ಬಿಚ್ಚತೊಡಗಿದ. ನನಗೆ ನಮ್ಮವರ ಮೇಲೆ ಮೈಯುರಿಯಿತು. ತರ್ಕ ಗೆದ್ದು ಏನು ಬಂತು?

ಆಗ ನಂಜಮ್ಮ ಮುಂದೆ ಬಂದರು.

“ಮೇಷ್ಟ್ರೇ, ನನ್ ಅಲ್ಲೆಲ್ಲ ಬಿದ್ದೋದೊ, ಕೂದ್ಲೆಲ್ಲ ಬೆಳ್ಗಾದೊ. ಇವರನ್ನ ಎತ್ತೋಳು ನಾನೇನಾ, ಬ್ಯಾರೆಯೋಳಾ?”

ಯಜಮಾನರು ಕೆಂಪಣ್ಣನ ಕಡೆ ನೋಡಿದರು.

“ನೀನೇ ಕಣವ್ವ,” ಎಂದ ಕೆಂಪಣ್ಣ.

“ಅಂಗಾದ್ರೆ ಇವತ್ತು ಯಾರ ಮನೇಲಿ ಉಣ್ಲಿ?”

“ಎರಡ್ ಮನೇಲೂ ಉಣ್ಣವ್ವ,” ಎಂದ ಪುಟ್ಟರಾಜು.

“ಒಟ್ಟೆ ಒಂದೇ ಕಣ್ಲಾ.”

ಈ ಸಲ ಯಾರೂ ನಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಕೆಂಪಣ್ಣ ಹಿಂತಿರುಗಿ ಬಂದು ತನ್ನ ನೇಗಿಲಿನ ಮೇಳಿ ಹಿಡಿದು, “ಎತ್ತು ಇಡ್ಕೊಳ್ಲಾ ಪುಟ್ಟ” ಎಂದ. ತಮ್ಮ ಹಗ್ಗ ಹಿಡಿದ. ನೇಗಿಲು ಯಾರದೆಂದು ಮತ್ತೆ ಮಾತೇ ಬರಲಿಲ್ಲ.

ಮಧ್ಯಾಹ್ನ ಇಬ್ಬರೂ ತಾಯಿಯ ಎರಡು ಪಕ್ಕ ಕೂತು ಉಂಡರು.