ತುಟಿಗಳ ನಡುವೆ ಗುಂಡುಸೂಜಿ

ವಾಚಕ ಮಹಾಶಯರಲ್ಲಿ ಸವಿನಯ ಅರಿಕೆ. ಮುಂದೆ ನಿರೂಪಿತವಾಗಲಿರುವ ವೃತ್ತಾಂತದಲ್ಲಿ ಕೊಲೆಯಿಲ್ಲ, ಗುಪ್ತನಿಧಿಯಿಲ್ಲ, ಮುಸುಕು ಧರಿಸಿದ ಸುಂದರಿಯೂ ಇಲ್ಲ. ದರ್ಜಿಯೊಬ್ಬನ ಅಂಗಡಿಯಿಂದ ಒಂದು ಹಳೆಯ ಮೇಜು ಹೊರಹೋಗುವುದೋ, ಅಲ್ಲಿಯೇ ಉಳಿಯುವುದೋ ಎಂಬುದಷ್ಟೇ ಇದರ ಕುತೂಹಲ. ಹರಿದ ಹೆಗಲಚೀಲವನ್ನು ಹೊಲಿಗೆಗೆ ಕೊಟ್ಟು, ಆ ಅಂಗಡಿಯ ಬೆಂಚಿನ ಮೇಲೆ ಕುಳಿತು ದರ್ಜಿಯ ಹೆಂಡತಿಯ ಬಾಯಿಂದಲೇ ಕೇಳಿದ್ದನ್ನು ಇಲ್ಲಿ ತಮ್ಮ ಮುಂದೆ ಬಿಚ್ಚಿಡಲಾಗಿದೆ.

ಆಕೆಯನ್ನು ಬೀದಿಯವರೆಲ್ಲ ಅರಳಮ್ಮ ಎನ್ನುತ್ತಿದ್ದರು. ಅರಳು ಹುರಿದಂತೆ ಮಾತಾಡುವವಳಾದ್ದರಿಂದ ಬಂದ ಹೆಸರು. ಗಂಡನಾದರೋ ಬಟ್ಟೆಯಂತೆ ಮಾತನ್ನೂ ಅಳೆದೇ ಕತ್ತರಿಸುವವನು. ಅವನು ಟೇಪು ಹಿಡಿದು ಅಳತೆ ಕೂಗುವನು, ಅವಳು ಬರೆದುಕೊಳ್ಳುವಳು. ಅವನು ಕತ್ತರಿಸುವನು, ಅವಳು ಹೊಲಿಯುವಳು. ಸಂಸಾರವೂ ಅಂಗಡಿಯೂ ಒಂದೇ ದಾರದಲ್ಲಿ ಸಾಗಿತ್ತು.

ಒಂದು ಬೆಳಿಗ್ಗೆ ಇಸ್ತ್ರಿ ಮಾಡುತ್ತ ನಿಂತಿದ್ದ ದರ್ಜಿಯ ಬಲಗೈ ಸೋತಿತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆಯೇ ಉಳಿದು ಹೊಗೆಯೆದ್ದಿತು. "ರೀ, ಎಲ್ಲಿದೆ ನಿಮ್ಮ ಜ್ಞಾನ?" ಎಂದು ಗದರುತ್ತ ಓಡಿಬಂದವಳಿಗೆ ಅವನು ಕೊಟ್ಟ ಉತ್ತರದಲ್ಲಿ ಒಂದು ಪದವೂ ಪದವಾಗಿರಲಿಲ್ಲ. ಮಿದುಳಿಗೆ ರಕ್ತ ಹರಿಯುವುದು ನಿಂತಿತ್ತು. ಆಸ್ಪತ್ರೆಯಿಂದ ಮರಳುವ ಹೊತ್ತಿಗೆ ಕಾಲು ಹಿಡಿತಕ್ಕೆ ಬಂದಿತ್ತು, ಕೈಯೂ ಮುಕ್ಕಾಲು ಪಾಲು ಬಂದಿತ್ತು. ಮಾತು ಬರಲಿಲ್ಲ. ಬಂದ ಒಂದೇ ಪದ 'ಏಣಿ'. ಕನ್ನಡಕವೂ ಏಣಿ, ಚಹವೂ ಏಣಿ, ಒಮ್ಮೊಮ್ಮೆ ಹೆಂಡತಿಯೂ ಏಣಿ. ಬೈಗುಳ ಮಾತ್ರ ಒಂದಕ್ಷರ ತಪ್ಪದೆ ಉದುರುತ್ತಿತ್ತು.

ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ವಿವರಿಸಿದ್ದರು: "ಇದಕ್ಕೆ ಅಫೇಸಿಯಾ ಅಂತಾರಮ್ಮ. ಅವರ ಬುದ್ಧಿ ಎಲ್ಲೂ ಹೋಗಿಲ್ಲ. ಪದ ಕೈಗೆ ಸಿಗ್ತಿಲ್ಲ, ಅಷ್ಟೆ. ನೀವು ಕಾಯಬೇಕು. ಅವರ ಮಾತನ್ನ ನೀವು..."

"ಮುಗಿಸಬಾರದು, ಗೊತ್ತಾಯ್ತು ಬಿಡಿ, ಕಾಯೋದೇನು ಮಹಾ!" ಎಂದು ಅರಳಮ್ಮ ಡಾಕ್ಟರಮ್ಮನ ಮಾತನ್ನೂ ತಾನೇ ಮುಗಿಸಿದ್ದಳು.

ಆದರೆ ಕಾಯುವುದು ಅವಳಿಂದಾಗಲಿಲ್ಲ. ಗಿರಾಕಿಯ ಎದುರು ಗಂಡ ಬಾಯಿ ತೆರೆದು ತಡವರಿಸಿದರೆ ಅವಳಿಗೆ ನೋಡಲಾಗುತ್ತಿರಲಿಲ್ಲ. ಯಾರಾದರೂ ನಕ್ಕರೆ? ಅಯ್ಯೋ ಪಾಪ ಎಂದರೆ? ಅವನ ತುಟಿ ಅಲುಗುವ ಮೊದಲೇ ಅವಳು, "ನಾಳೆ ಬನ್ನಿ ಅಂತಿದ್ದಾರೆ," "ಈ ಬಟ್ಟೆ ಬೇಡ ಅಂತಿದ್ದಾರೆ," ಎಂದು ಮಧ್ಯೆ ಬಿದ್ದು ಕಾಪಾಡುತ್ತಿದ್ದಳು. ಮೊದಮೊದಲು ಅವನು ತಲೆಯಲ್ಲಾಡಿಸಿ ಪ್ರತಿಭಟಿಸಿದ. ಆಮೇಲೆ ಕೈಚೆಲ್ಲಿದ. ಕಿಟಕಿಯ ಬಳಿ ಕುಳಿತು ಹಳೆಯ ಹೊಲಿಗೆ ಬಿಚ್ಚುವುದಷ್ಟೇ ಅವನ ಪಾಲಿಗೆ ಉಳಿಯಿತು.

ಅರಳಮ್ಮನ ತಮ್ಮನಿಗೆ ಪಕ್ಕದ ಬೀದಿಯಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿ. ಆಸ್ಪತ್ರೆಯಲ್ಲಿ ಹಗಲೂ ಇರುಳೂ ಅಕ್ಕನ ಜೊತೆಗಿದ್ದವನು ಅವನೇ. ಒಂದು ದಿನ ಅವನು ಕತ್ತರಿಸುವ ಮೇಜಿನ ಮೇಲೆ ಕೈಯೂರಿ, "ಅಕ್ಕಾ, ಭಾವ ಇನ್ನು ಕತ್ತರಿ ಹಿಡಿಯೋದು ಅಷ್ಟರಲ್ಲೇ ಇದೆ. ಈ ಮೇಜು ನನ್ನ ಅಂಗಡಿಗೆ ಕೊಡು. ನೀನು ಮಿಷನ್ನು ಇಟ್ಕೊಂಡು ರಿಪೇರಿ ನೋಡ್ಕೋ. ಇಬ್ಬರಿಗೂ ನೆಮ್ಮದಿ," ಎಂದ.

ದರ್ಜಿ ಕಿಟಕಿಯಿಂದ ಇತ್ತ ತಿರುಗಿದ. "ಮೇ... ಏಣಿ... ಏಣಿ..."

"ಆಗ್ಲಿ ಅಂತಿದ್ದಾರೆ," ಎಂದಳು ಅರಳಮ್ಮ. "ಕೈಲಿರೋ ಕೋಟು ಮುಗಿದ ಮೇಲೆ ಬಂದು ತಗೊಂಡು ಹೋಗು."

ಕೈಲಿದ್ದದ್ದು ತುತ್ತೂರಿ ಮಾಸ್ತರನ ಕೋಟು. ಅವನದೊಂದು ಬ್ಯಾಂಡ್ ತಂಡ. ತುತ್ತೂರಿ ಕೆಳಗಿಟ್ಟರೂ ಗಂಟಲು ಕೆಳಗಿಳಿಯದ ಆಸಾಮಿ. ಹೊಸ ತಂಡದ ಮೊದಲ ಮೆರವಣಿಗೆಗೆಂದು ಕೆಂಪು ಮಖಮಲ್ಲು ತಂದಿದ್ದ. ಅರಳಮ್ಮ ಅದನ್ನು ಮೇಜಿನ ಮೇಲೆ ಹಾಸಿ, ಬಟ್ಟೆ ಉಳಿಸಲೆಂದು ಒಂದು ಮುಂಭಾಗವನ್ನು ಮೇಲ್ಮುಖವಾಗಿ, ಇನ್ನೊಂದನ್ನು ತಲೆಕೆಳಗಾಗಿ ಗುರುತು ಹಾಕಿದಳು. ದರ್ಜಿ ಎದ್ದು ಬಂದ. ಅವಳ ಮಣಿಕಟ್ಟು ಹಿಡಿದ. "ಬ... ಬಟ್ಟೆ..." ಅವನ ಹಣೆಯ ನರ ಉಬ್ಬಿತು. "ಬಟ್ಟೆ... ಏಣಿ..."

"ಹೌದ್ರೀ, ಬಟ್ಟೆ ಬಲು ಚೆನ್ನಾಗಿದೆ. ಕೂತ್ಕೊಳ್ಳಿ, ಸುಸ್ತಾಗತ್ತೆ," ಎಂದು ಅವಳು ಕತ್ತರಿ ಆಡಿಸಿದಳು.

ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ತೊಟ್ಟು ತುತ್ತೂರಿ ಮಾಸ್ತರ ಕನ್ನಡಿಯ ಮುಂದೆ ನಿಂತಾಗ ಅನಾಹುತ ಎದ್ದು ಕಂಡಿತು. ಎಡಭಾಗ ಹೊಳೆಯುತ್ತಿತ್ತು, ಬಲಭಾಗ ಕಪ್ಪಿಟ್ಟಿತ್ತು.

"ಏನಕ್ಕಾ ಇದು? ಒಂದು ಕಡೆ ಮದುವೆ ಬ್ಯಾಂಡು, ಇನ್ನೊಂದು ಕಡೆ ಸಾವಿನ ಬ್ಯಾಂಡು! ಒಂದೇ ಕೋಟಲ್ಲಿ ಎರಡೂ ಗಿರಾಕಿ ಹಿಡೀಲಾ?"

ಕಿಟಕಿಯ ಕಡೆಯಿಂದ ಒಂದು ಬೈಗುಳ, ತುಂಬಾ ಸೊಗಸಾದದ್ದು, ಉಪ್ಪಿನಕಲ್ಲಿನಂತೆ ಬಂದು ಬಿತ್ತು. ತುತ್ತೂರಿ ಮಾಸ್ತರ ಗಹಗಹಿಸಿ ನಕ್ಕ. "ಯಾರು ಹೇಳಿದ್ದು ಟೈಲರ್ ಮಾಸ್ಟರ್‌ಗೆ ಮಾತು ಬರಲ್ಲ ಅಂತ?"

ದರ್ಜಿ ನಗಲಿಲ್ಲ. ಬಂದು, ಮಖಮಲ್ಲಿನ ಮೇಲೆ ಅಂಗೈಯನ್ನು ಕೆಳಮುಖವಾಗಿ ಸವರಿದ. ನುಣುಪು. ಮೇಲ್ಮುಖವಾಗಿ ಸವರಿದ. ಬಟ್ಟೆಯ ರೋಮ ಕೆರಳಿ ನಿಂತು ಬಣ್ಣ ಬದಲಾಯಿತು. ಬೆಕ್ಕಿನ ಮೈಯಂತೆ ಮಖಮಲ್ಲಿನ ರೋಮವೂ ಒಂದೇ ದಿಕ್ಕಿಗೆ ಮಲಗಿರುತ್ತದೆ. ಎಲ್ಲ ತುಂಡುಗಳನ್ನೂ ಅದೇ ದಿಕ್ಕಿಗೆ ಕತ್ತರಿಸಬೇಕು. ಅವಳ ಮಣಿಕಟ್ಟು ಹಿಡಿದು ಅವನು ಹೇಳಹೊರಟದ್ದು ಇದೇ. ಅವಳು ಕೇಳಿಸಿಕೊಂಡಿರಲಿಲ್ಲ, ಕೇಳಿಸಿಕೊಂಡಂತೆ ಉತ್ತರಿಸಿದ್ದಳು.

ಆ ಸಂಜೆ ಅರಳಮ್ಮ ಹಿತ್ತಲಿನ ನಲ್ಲಿಯ ಬಳಿ ನಿಂತು ಲೆಕ್ಕ ಹಾಕಿದಳು: ಇವರು ಹೇಳಹೊರಟದ್ದು ಇನ್ನೆಷ್ಟು, ನಾನು ಹೇಳಿಬಿಟ್ಟದ್ದು ಎಷ್ಟು? ಅಷ್ಟರಲ್ಲಿ ಮೇಜಿನ ನೆನಪಾಯಿತು. ಒಳಗೆ ಹೋಗಿ, "ರೀ, ಮೇಜಿನ ವಿಷಯ..." ಎಂದವಳು, ಅವನು ಬಾಯಿ ತೆರೆಯುವಷ್ಟರಲ್ಲಿ, "ನಾನೇ ತಮ್ಮನಿಗೆ ಹೇಳ್ತೀನಿ ಬಿಡಿ," ಎಂದುಬಿಟ್ಟಳು. ಹೇಳಿದ ಮೇಲೆ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು. ಹುಟ್ಟುಗುಣ ಸುಟ್ಟರೂ ಹೋಗದು.

ಉಳಿದ ಬಟ್ಟೆ ಒಂದು ಮುಂಭಾಗಕ್ಕೆ ಹೇಗೋ ಸಾಲಿತು. ಈ ಬಾರಿ ಗುರುತು ಹಾಕಿದ್ದು ದರ್ಜಿ. ಸೀಮೆಸುಣ್ಣ ಹಿಡಿದ ಬಲಗೈಯನ್ನು ಎಡಗೈ ಆಧರಿಸಿತ್ತು. ಗೆರೆ ನಡುಗಿದರೂ ದಾರಿ ತಪ್ಪಲಿಲ್ಲ.

ಮತ್ತೆ ತೊಡಿಸಿ ನೋಡುವ ದಿನ ಅರಳಮ್ಮ ತುತ್ತೂರಿ ಮಾಸ್ತರನ ಬೆನ್ನ ಹಿಂದೆ ನಿಂತು, ರೂಢಿಯಂತೆ ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಚುಚ್ಚುತ್ತಿದ್ದಳು.

"ತೋಳು ಸರಿಯಾಯ್ತಾ ಅಕ್ಕಾ?" ಎಂದ ಅವನು.

ಸೂಜಿ ಕಚ್ಚಿದವಳು ಉತ್ತರಿಸುವುದು ಹೇಗೆ? ಕಿಟಕಿಯ ಕಡೆಯಿಂದ ದರ್ಜಿಯ ದನಿ ಬಂತು. "ಏಣಿ... ಅಲ್ಲ. ಕೈ... ಕೈ ಎತ್ತಿ." ಮತ್ತೂ ತಡೆದು, "ಊದಿ."

ತುತ್ತೂರಿ ಮಾಸ್ತರ ತುತ್ತೂರಿ ಹಿಡಿದವನಂತೆ ತೋಳೆತ್ತಿದ. ಕೋಟು ಸೊಂಟದಿಂದ ಮೇಲಕ್ಕೆ ಜಿಗಿಯಿತು. "ಅಬ್ಬಾ! ಮೆರವಣಿಗೆ ಪೂರ್ತಿ ಹೊಟ್ಟೆ ಕಾಣ್ತಿತ್ತು!" ದರ್ಜಿ ಕಂಕುಳಿನಲ್ಲಿ ಗುರುತು ಹಾಕಿದ. ಅರಳಮ್ಮ ಅಲ್ಲಾಡದೆ ನಿಂತಿದ್ದಳು. ಗಂಡನ ಬಾಯಿಂದ ತಾನು ಊಹಿಸದ ಮಾತು ಕೇಳಿ ಅದೆಷ್ಟು ಕಾಲವಾಗಿತ್ತು!

ಆಗಲೇ ತಮ್ಮ, ಅಕ್ಕನಿಂದ ಇನ್ನೂ ಏನೂ ಕೇಳಿರದವನು, ಕೈಗಾಡಿಯೊಡನೆ ಇಬ್ಬರು ಹಮಾಲರನ್ನು ಕರೆದುಕೊಂಡು ಬಾಗಿಲಲ್ಲಿ ಕಾಣಿಸಿಕೊಂಡ. "ಅಕ್ಕಾ, ಕೋಟು ಆದಂಗೇ ಅಲ್ವಾ? ಎತ್ತಿಸ್ಲಾ ಮೇಜು?"

ಅರಳಮ್ಮನ ಕೈ ಸೂಜಿ ತೆಗೆಯಲು ತುಟಿಯವರೆಗೆ ಹೋಯಿತು. ಬೇಡವೆಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅದೂ ಗಂಡನ ಪರವಾಗಿಯೇ ಇತ್ತು. ಕೈ ಅಲ್ಲಿಯೇ ನಿಂತಿತು. ಅವಳು ಡಬ್ಬಿಯಿಂದ ಇನ್ನೂ ಒಂದು ಸೂಜಿ ತೆಗೆದು ಕಚ್ಚಿಕೊಂಡಳು. ಗಲ್ಲದಿಂದ ಗಂಡನ ಕಡೆ ತೋರಿಸಿದಳು.

"ಭಾವನ್ನ ಏನಂತ ಕೇಳೋದು, ನೀನೇ ಹೇಳು..."

"ಸುಮ್ನಿರಪ್ಪಾ," ಎಂದ ತುತ್ತೂರಿ ಮಾಸ್ತರ, ಜೀವಮಾನದಲ್ಲೇ ಮೊದಲ ಸಲ ಮೆಲ್ಲಗೆ.

ದರ್ಜಿ ಮೇಜಿನ ಅಂಚು ಹಿಡಿದ. "ಏಣಿ... ಏ..." ಬೆವರಿದ. ಹಮಾಲನೊಬ್ಬ ನೆಲ ನೋಡಿದ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿ ಹೋದರು. ಅರಳಮ್ಮನ ಕಣ್ಣಲ್ಲಿ ನೀರು ತುಂಬಿತು, ತುಟಿ ಬಿಚ್ಚಲಿಲ್ಲ.

"ಮೇಜು... ನಂದು." ಉಸಿರೆಳೆದುಕೊಂಡ. "ಕೆಲಸ... ಇದೆ."

ತಮ್ಮ ಹಮಾಲರಿಗೆ ಬೇಡವೆಂದು ಕೈಸನ್ನೆ ಮಾಡಿದ. "ಮೊದಲೇ ಹೇಳಬಾರದಿತ್ತಾ ಭಾವ?" ಎಂದವನಿಗೆ ತಾನಾಡಿದ್ದೇ ಚುಚ್ಚಿತೇನೋ, ತಲೆ ತಗ್ಗಿಸಿ, "ಹೇಳಿದ್ರಿ, ಅಲ್ವಾ," ಎಂದು ಖಾಲಿ ಗಾಡಿಯನ್ನು ತಿರುಗಿಸಿದ.

ಇಷ್ಟನ್ನೂ ಹೇಳಿ ಅರಳಮ್ಮ ಸುಮ್ಮನಾದಳು. ಅಷ್ಟರಲ್ಲಿ ಹೆಗಲಚೀಲ ಸಿದ್ಧವಾಗಿತ್ತು. ಅದರೊಳಗೆ ಎರಡು ಅಂಗಿ, ಒಂದು ಹರಕು ಕಾದಂಬರಿ ತುರುಕಿ, ಪಟ್ಟಿಯನ್ನು ಹೆಗಲಿಗೇರಿಸಿ ಬಾಗಿಲಿಗೆ ಬಂದಾಗ ದರ್ಜಿ ಮೇಜಿನ ಹಿಂದಿನಿಂದ ಕೈಯೆತ್ತಿ, "ಹೋಗಿ," ಎಂದ. ಅಷ್ಟಕ್ಕೇ ನಿಂತ. ಮೂಲೆಯಲ್ಲಿ, ಹತ್ತಬೇಕಿದ್ದ ಬಸ್ಸು ಹಾರನ್ನು ಹಾಕುತ್ತಿತ್ತು. ಅರಳಮ್ಮ ಬಾಗಿ ಡಬ್ಬಿಯಿಂದ ಒಂದು ಗುಂಡುಸೂಜಿ ತೆಗೆದು ಕಚ್ಚಿಕೊಂಡಳು. ಯಾರೂ ಅಲ್ಲಾಡಲಿಲ್ಲ. ಬಸ್ಸು ಹೊರಟ ಸದ್ದು ಕೇಳಿಸಿತು.

"ಬನ್ನಿ," ಎಂದ ದರ್ಜಿ.

ಮುಂದಿನ ಊರಿಗೆ ಕಾಲ್ನಡಿಗೆಯಲ್ಲೇ ಹೊರಟದ್ದಾಯಿತು.