ಚಿನ್ನದಂಚಿನ ಬೋಗುಣಿ

ನಮ್ಮ ಪ್ರೆಸ್ಸಿನ ಬೈಂಡಿಂಗ್ ಶಾಪಿನ ಮೈಕ್ರೊವೇವ್‌ಗೆ ಒಂಬತ್ತು ಜನರ ಎರಡೆರಡು ದಿನದ ಕೂಲಿ ಹೋಗಿತ್ತು. ಅದನ್ನು ಉಳಿಸಿಕೊಟ್ಟ ಗಾಜಿನ ಬಟ್ಟಲಿನ ಬೆಲೆ ಎರಡು ಲೋಟ ಚಹಾದ್ದು.

ಬಟ್ಟಲು ಗೋಂದಮ್ಮನದು. ಪುಸ್ತಕಕ್ಕೆ ಹಚ್ಚುವ ಅಂಟು ಕಾಯಿಸುವವಳಾದ್ದರಿಂದ ಆ ಹೆಸರು. ಮೈಕ್ರೊವೇವ್ ಬಂದ ಹೊಸದರಲ್ಲಿ ನಾವೆಲ್ಲ ಊಟದ ಬಟ್ಟಲಿಗೆ ಅಚ್ಚಾದ ರದ್ದಿ ಹಾಳೆ ಮುಚ್ಚಿ ಬಿಸಿ ಮಾಡುತ್ತಿದ್ದೆವು. ನಮ್ಮಲ್ಲಿ ಅದು ಪುಕ್ಕಟೆ. ಅವಳು ಒಂದೊಂದನ್ನೇ ಎತ್ತಿ ಬುಟ್ಟಿಗೆಸೆದಳು.

"ಶಾಯಿ ತಿಂದ್ರೆ ವಿದ್ಯೆ ಬರಲ್ಲ, ಹೊಟ್ಟೆನೋವು ಬರುತ್ತೆ. ಪಿಂಗಾಣಿ ತಟ್ಟೆ ಮುಚ್ಚಿ."

ಕರಡು ತಿದ್ದುವ ತಾತನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಬಿಸಿ ಗಂಜಿ ಬಿಟ್ಟರೆ ಬೇರೇನೂ ಒಗ್ಗುತ್ತಿರಲಿಲ್ಲ. ಅವನು ಉಣ್ಣುತ್ತಿದ್ದುದು ತೀರಿಕೊಂಡ ಹೆಂಡತಿಯ ಚಿನ್ನದಂಚಿನ ಪಿಂಗಾಣಿ ಬೋಗುಣಿಯಲ್ಲಿ. ಒಂದು ಮಧ್ಯಾಹ್ನ ಅದನ್ನು ಒಳಗಿಟ್ಟಾಗ ಚಟಚಟ ಕಿಡಿ ಹಾರಿತು. ಯಜಮಾನರು ಓಡಿ ಬಂದರು. "ಸುತ್ತಲೂ ಕಾಗದದ ರಾಶಿ ಇದೆ. ಇನ್ನೊಂದು ಕಿಡಿ ಹಾರಿದ್ರೆ ಈ ಮೈಕ್ರೊವೇವ್ ಗುಜರಿಗೆ," ಎಂದರು.

ಮರುದಿನ ತಾತ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ತಣ್ಣಗೇ ಕುಡೀತೀನಿ. ಆಗದಿದ್ರೆ ಕೆಲಸ ಬಿಡ್ತೀನಿ."

"ಕೂದಲಿನಷ್ಟು ತೆಳ್ಳಗಿದ್ರೂ ಚಿನ್ನ ಲೋಹವೇ ಅಣ್ಣ," ಎಂದಳು ಗೋಂದಮ್ಮ. "ದಿನಾ ಪುಸ್ತಕದ ಬೆನ್ನಿಗೆ ಚಿನ್ನ ಅಂಟಿಸೋ ನಮಗೆ ಇಷ್ಟೂ ತಿಳೀಬೇಡ್ವಾ?"

"ಹಾಗಾದ್ರೆ ಬಿಸಾಕು ಅಂತೀಯಾ?"

"ಬಾಯಿಗೆ ಬೀಗ ಹಾಕ್ಕೊಂಡು ಒಂದು ನಿಮಿಷ ನೋಡಿ."

ಅವಳು ತನ್ನ ಖಾಲಿ ಬಟ್ಟಲನ್ನು ಒಳಗಿಟ್ಟಳು. ಪಕ್ಕದಲ್ಲಿ ಒಂದು ಕಪ್‌ನಲ್ಲಿ ನೀರು. ಒಂದು ನಿಮಿಷವಾದ ಮೇಲೆ ಮುಟ್ಟಿ ನೋಡಲು ನನ್ನನ್ನು ಕರೆದಳು. ನೀರು ಬಿಸಿಯಾಗಿತ್ತು, ಬಟ್ಟಲು ತಣ್ಣಗಿತ್ತು.

"ಬಟ್ಟಲೇ ಕಾದಿದ್ರೆ ಅದು ಇಲ್ಲಿಗಲ್ಲ. ಇದು ಪಾಸು."

ಗಂಜಿಯನ್ನು ಅದಕ್ಕೆ ಸುರಿದು, ಹಬೆ ಹೋಗಲು ಸಂದು ಬಿಟ್ಟು ತಟ್ಟೆ ಮುಚ್ಚಿದಳು. ನಡುವೆ ಒಮ್ಮೆ ತಿರುವಿದಳು. ಆಮೇಲೆ ಅವಳು ಮಾಡಿದ್ದು ನನಗಂತೂ ಹೊಳೆಯುತ್ತಿರಲಿಲ್ಲ. ಕಪ್‌ನಲ್ಲಿದ್ದ ಬಿಸಿನೀರನ್ನು ತಾತನ ಬೋಗುಣಿಗೆ ಹುಯ್ದು, ಅದು ಬೆಚ್ಚಗಾದ ಮೇಲೆ ಚೆಲ್ಲಿ, ಒರೆಸಿ, ಹೊಗೆಯಾಡುವ ಗಂಜಿಯನ್ನು ಅದರೊಳಗೆ ಬಗ್ಗಿಸಿ ಅವನ ಮುಂದಿಟ್ಟಳು. ನೀರೂ ವ್ಯರ್ಥವಾಗಲಿಲ್ಲ, ಮುದುಕನ ಮನಸ್ಸೂ ಮುರಿಯಲಿಲ್ಲ.

ತಾತ ಮೊದಲ ಗುಟುಕು ಕುಡಿದು, "ನಾಲಿಗೆ ಸುಡ್ತು," ಎಂದ.

"ತಪ್ಪು ಹುಡುಕೋ ಉದ್ಯೋಗದವ್ರು, ಇನ್ನೇನು ಹೇಳ್ತೀರಿ. ಊದ್ಕೊಂಡು ಕುಡೀರಿ."

ನಾನು ಓದು ಬಲ್ಲವರನ್ನು ಬಹಳ ಕಂಡಿದ್ದೇನೆ. ಪರರ ಪ್ರೀತಿಯ ಪಾತ್ರೆಯನ್ನು ಕಿತ್ತುಕೊಳ್ಳದೆ ಬುದ್ಧಿ ಹೇಳಿದವರನ್ನು ಕಂಡದ್ದು ಅವಳೊಬ್ಬಳನ್ನೇ.

ಆಮೇಲೆ ಕಿಡಿ ಹಾರಲಿಲ್ಲ. ಮೈಕ್ರೊವೇವ್ ಉಳಿಯಿತು, ತಾತ ಕೆಲಸದಲ್ಲಿ ಉಳಿದ. ಹೋದದ್ದು ಬೋಗುಣಿಯ ಅಂಚಿನಲ್ಲಿ ಆ ಮೊದಲ ಕಿಡಿಗೆ ಕಪ್ಪಾದ ಅರ್ಧ ಬೆರಳಷ್ಟು ಚಿನ್ನ. ದಿನಕ್ಕೊಂದು ಬಟ್ಟಲು ಹೆಚ್ಚಿಗೆ ತೊಳೆಯಬೇಕು. ಅದನ್ನು ತಾತನೇ ತೊಳೆಯುತ್ತಾನೆ.